ಒಂಟಿ ಬೈಕು ಮತ್ತು ಮುಚ್ಚಿದ ಘಾಟಿ: ಮಲೆನಾಡಿಗೆ ಮೊದಲ ಸಲ ಹೊರಡುವವರಿಗೆ

ಮೊದಲು ಒಂದು ನಕ್ಷೆ ತೆಗೆದುಕೊಳ್ಳಿ. ಮೊಬೈಲಿನದಲ್ಲ, ಸಿಕ್ಕರೆ ಕಾಗದದ್ದು. ಕರ್ನಾಟಕದ ಪಶ್ಚಿಮ ಅಂಚನ್ನು ನೋಡಿ. ಘಟ್ಟದ ಮೇಲೆ ಉತ್ತರ-ದಕ್ಷಿಣವಾಗಿ ಒಂದು ಸಾಲು ಊರುಗಳಿವೆ: ಮಡಿಕೇರಿ, ಸಕಲೇಶಪುರ, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರ. ಘಟ್ಟದ ಕೆಳಗೆ ಇನ್ನೊಂದು ಸಾಲು: ಸುಳ್ಯ, ಸುಬ್ರಹ್ಮಣ್ಯ, ಗುಂಡ್ಯ, ಉಜಿರೆ, ಬಜಗೋಳಿ, ಹೆಬ್ರಿ, ಸಿದ್ದಾಪುರ. ಈ ಎರಡು ಸಾಲುಗಳನ್ನು ಜೋಡಿಸುವ ಅಡ್ಡದಾರಿಗಳೇ ಘಾಟಿಗಳು. ಮಡಿಕೇರಿಯಿಂದ ಇಳಿಯುವುದು ಸಂಪಾಜೆ, ಸಕಲೇಶಪುರದಿಂದ ಶಿರಾಡಿ, ಅಲ್ಲೇ ಪಕ್ಕದಲ್ಲಿ ಬಿಸಿಲೆ, ಕೊಟ್ಟಿಗೆಹಾರದಿಂದ ಚಾರ್ಮಾಡಿ, ಕುದುರೆಮುಖದ ಕಡೆಯಿಂದ ಎಸ್.ಕೆ. ಬಾರ್ಡರ್ ದಾರಿ, ತೀರ್ಥಹಳ್ಳಿ ಮತ್ತು ಶೃಂಗೇರಿಯವರಿಗೆ ಆಗುಂಬೆ, ಹೊಸನಗರದವರಿಗೆ ಹುಲಿಕಲ್ (ಬಾಳೆಬರೆ ಎಂದೂ ಕರೆಯುತ್ತಾರೆ).

ಒಟ್ಟಿನಲ್ಲಿ ಇದೊಂದು ಏಣಿ. ಊರುಗಳ ಎರಡು ಸಾಲು ಅದರ ಎರಡು ಕಂಬ, ಘಾಟಿಗಳು ಮೆಟ್ಟಿಲು. ಹೊಸಬರು ಹೊರಡುವಾಗ ಒಂದೆರಡು ಮೆಟ್ಟಿಲನ್ನಷ್ಟೇ ನೋಡಿಕೊಂಡು ಬರುತ್ತಾರೆ. ‘ಶಿರಾಡಿ ಇಳಿದು ಧರ್ಮಸ್ಥಳ, ಮಾರನೆ ದಿನ ಚಾರ್ಮಾಡಿ ಹತ್ತಿ ಕಳಸ’ ಎಂದು ಬರೆದುಕೊಂಡಿರುತ್ತಾರೆ. ಸಕಲೇಶಪುರ ತಲುಪಿದಾಗ ಶಿರಾಡಿ ಬಂದ್. ಮುಂದೇನು ಎಂಬುದು ಚೀಟಿಯಲ್ಲಿಲ್ಲ. ಏಣಿಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಆ ಕ್ಷಣ ಅಷ್ಟೇನೂ ಕಷ್ಟದ್ದಲ್ಲ. ಘಟ್ಟದ ಮೇಲೆಯೇ ಮೂಡಿಗೆರೆಗೆ ಹೋಗಿ ಕೊಟ್ಟಿಗೆಹಾರದಲ್ಲಿ ಚಾರ್ಮಾಡಿಯನ್ನು ವಿಚಾರಿಸಬಹುದು. ಅದೂ ಇಲ್ಲವೆಂದರೆ ಕೆಳಗಿಳಿಯುವ ಯೋಚನೆಯನ್ನೇ ಬಿಟ್ಟು ಮೇಲಿನ ಸಾಲಿನಲ್ಲೇ ಕಳಸ, ಶೃಂಗೇರಿ ಕಡೆಗೆ ಸಾಗಬಹುದು. ಯೋಜನೆ ಅಂದರೆ ಇಂಥ ಊರಲ್ಲಿ ಇಷ್ಟು ಗಂಟೆಗೆ ಇರಬೇಕೆಂಬ ವೇಳಾಪಟ್ಟಿಯಲ್ಲ. ಯಾವ ಊರಲ್ಲಿ ನಿಂತು ತೀರ್ಮಾನ ತೆಗೆದುಕೊಳ್ಳಬೇಕು, ಅಲ್ಲಿಂದ ಎಷ್ಟು ದಾರಿಗಳಿವೆ ಎಂಬುದು ಗೊತ್ತಿದ್ದರೆ ಸಾಕು.

ದಾರಿ ಮುಚ್ಚುವುದು ಅಪರೂಪದ ಸಂಗತಿಯೆಂದು ತಿಳಿಯಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಡಿಕೇರಿ-ಸಂಪಾಜೆ ರಸ್ತೆ ಕೊಚ್ಚಿಹೋಯಿತು. ಅದೇ ಮಳೆಗೆ ಶಿರಾಡಿಯೂ ನಿಂತಿತು. ಮರುವರ್ಷ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜಾರಿ ಕರಾವಳಿಯ ಹೆದ್ದಾರಿ 66ರ ಮೇಲೆಯೇ ಬಿತ್ತು, ಜೀವಗಳೂ ಹೋದವು. ಅಂದರೆ ಏಣಿಯ ಕೆಳಗಿನ ಕಂಬವೂ ಮುರಿಯಬಹುದು. ಮಳೆಯೊಂದೇ ಕಾರಣವೂ ಅಲ್ಲ. 2018ರ ಜನವರಿಯಲ್ಲಿ, ಬಿಸಿಲು ಕಾಯುತ್ತಿದ್ದ ದಿನಗಳಲ್ಲೇ, ಕಾಂಕ್ರೀಟು ಹಾಕಲೆಂದು ಶಿರಾಡಿಯನ್ನು ತಿಂಗಳುಗಟ್ಟಲೆ ಮುಚ್ಚಿದ್ದರು.

ಗುಡ್ಡ ಯಾಕೆ ಜಾರುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ದಾರಿಯಲ್ಲಿ ಕಣ್ಣು ತಾನಾಗಿಯೇ ಚುರುಕಾಗುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಅಲ್ಲೇ ಸುರಿಯುತ್ತದೆ. ಗೋಡೆಯ ಅಂಚಿನಲ್ಲೇ ಕೂತಿರುವ ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಹಾಗಾಗಿ ಹಾಸನದ ಆಕಾಶ ನೋಡಿ ಶಿರಾಡಿಯನ್ನಾಗಲಿ, ಶಿವಮೊಗ್ಗದ ಬಿಸಿಲು ನೋಡಿ ಆಗುಂಬೆಯನ್ನಾಗಲಿ ಅಳೆಯಲಾಗದು. ಈ ನೀರೆಲ್ಲ ಮಣ್ಣಿಗಿಳಿದು ಗುಡ್ಡ ಭಾರವಾಗುತ್ತದೆ. ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದರೆ ಆ ಭಾರಕ್ಕೆ ಆಸರೆ ಇರುವುದಿಲ್ಲ. ಮಲೆನಾಡಿನವರು ಹೀಗೆ ಕಡಿದ ಮಣ್ಣಿನ ಗೋಡೆಯನ್ನು ‘ಧರೆ’ ಎನ್ನುತ್ತಾರೆ. ಧರೆಯ ಬುಡದಿಂದ ಕೆಂಪು ನೀರು ಹರಿಯುತ್ತಿದ್ದರೆ, ರಸ್ತೆ ಮೇಲೆ ಹೊಸದಾಗಿ ಉದುರಿದ ಮಣ್ಣು, ವಾಲಿದ ಮರ ಕಂಡರೆ ಅಲ್ಲಿ ಫೋಟೊಗೆ ನಿಲ್ಲಬೇಡಿ. ರೇನ್‌ಕೋಟು ಹಾಕಿಕೊಳ್ಳಲೂ ಬೇಡ. ನೆನೆದರೆ ನೆನೆಯಲಿ, ಮುಂದೆ ಹೋಗಿ ಬಯಲಾದ ಜಾಗದಲ್ಲಿ ನಿಲ್ಲಿ.

ಮಲೆನಾಡಿನ ಹಿರಿಯರು ಈಗಲೂ ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ಹೇಳುತ್ತಾರೆ. ಜೂನ್ 21ರ ಸುಮಾರಿಗೆ ಆರಿದ್ರ, ಜುಲೈ ಮೊದಲ ವಾರದಲ್ಲಿ ಪುನರ್ವಸು, 20ರ ಹೊತ್ತಿಗೆ ಪುಷ್ಯ, ಆಗಸ್ಟ್ ಆರಂಭಕ್ಕೆ ಆಶ್ಲೇಷ. ಮೇಲೆ ಹೇಳಿದ ಅನಾಹುತಗಳನ್ನು ಈ ಪಟ್ಟಿಗೆ ಹೊಂದಿಸಿ ನೋಡಿದರೆ ಎಲ್ಲವೂ ಪುನರ್ವಸುವಿನಿಂದ ಈಚೆಗೆ, ಆಶ್ಲೇಷದ ಮುಂದಿನ ಮಘೆ ಹಿಡಿಯುವ ಆಸುಪಾಸಿನೊಳಗೇ ಬರುತ್ತವೆ. ಇದರಲ್ಲಿ ಪವಾಡವೇನೂ ಇಲ್ಲ. ಮೊದಲ ಮಳೆಗಳನ್ನು ನೆಲ ಕುಡಿಯುತ್ತದೆ, ಆಮೇಲಿನದನ್ನು ಕುಡಿಯಲಾರದು. ಇದರ ಜೊತೆಗೆ ಹವಾಮಾನ ಇಲಾಖೆಯ ಭಾಷೆಯನ್ನೂ ಕಲಿಯಿರಿ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ‘ಭಾರಿ’, 115.6 ದಾಟಿದರೆ ‘ಅತಿ ಭಾರಿ’, 204.5 ಮತ್ತು ಮೇಲ್ಪಟ್ಟು ‘ಅತ್ಯಂತ ಭಾರಿ’. ಆರೆಂಜ್ ಅಲರ್ಟ್ ಇದ್ದ ದಿನ ಒಂಟಿ ಸವಾರ ಘಾಟಿ ಇಳಿಯಬಾರದು ಎಂಬುದು ನನ್ನ ಅಭಿಪ್ರಾಯ. ರೆಡ್ ಅಲರ್ಟ್ ಬಗ್ಗೆ ಅಭಿಪ್ರಾಯದ ಪ್ರಶ್ನೆಯೇ ಇಲ್ಲ.

ಸುದ್ದಿ ಓದುವುದರಲ್ಲೂ ಒಂದು ಉಪಾಯವಿದೆ. ಹೆಚ್ಚಿನ ಘಾಟಿಗಳ ತಲೆ ಒಂದು ಜಿಲ್ಲೆಯಲ್ಲಿ, ಕಾಲು ಇನ್ನೊಂದರಲ್ಲಿ. ಶಿರಾಡಿ ಹಾಸನಕ್ಕೂ ದಕ್ಷಿಣ ಕನ್ನಡಕ್ಕೂ ಸೇರಿದೆ, ಚಾರ್ಮಾಡಿ ಚಿಕ್ಕಮಗಳೂರಿಗೂ ದಕ್ಷಿಣ ಕನ್ನಡಕ್ಕೂ, ಆಗುಂಬೆ ಶಿವಮೊಗ್ಗಕ್ಕೂ ಉಡುಪಿಗೂ. ಸಂಚಾರ ನಿಷೇಧದ ಆದೇಶ ಹೊರಡಿಸುವವರು ಆಯಾ ಜಿಲ್ಲಾಧಿಕಾರಿ. ಆದ್ದರಿಂದ ಎರಡೂ ಜಿಲ್ಲೆಯ ಸುದ್ದಿ ನೋಡಬೇಕು. ಆದೇಶವನ್ನು ಪೂರ್ತಿ ಓದಿ. ‘ಭಾರಿ ವಾಹನ ಸಂಚಾರ ನಿಷೇಧ’ ಎಂದರೆ ಬೈಕಿಗೆ ಅಡ್ಡಿಯಿಲ್ಲ. ‘ರಾತ್ರಿ ಸಂಚಾರ ನಿಷೇಧ’ ಎಂದರೆ ನಿಮಗೂ ಅನ್ವಯಿಸುತ್ತದೆ. ದಕ್ಷಿಣಕ್ಕೆ ಬಂಡೀಪುರದಲ್ಲಂತೂ 2009ರಿಂದ ವರ್ಷವಿಡೀ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕಿರುತ್ತದೆ. ಅಲ್ಲಿ ಎಂಟೂವರೆಗೆ ಗುಂಡ್ಲುಪೇಟೆಯಲ್ಲಿದ್ದೇನೆ, ದಾಟಿಬಿಡುತ್ತೇನೆ ಎಂದು ಲೆಕ್ಕ ಹಾಕುವುದು ಮೂರ್ಖತನ.

ಪತ್ರಿಕೆಗಿಂತ ತಾಜಾ ಸುದ್ದಿ ಘಾಟಿಯ ತಲೆಯಲ್ಲಿರುವ ಹೋಟೆಲಿನಲ್ಲಿ ಸಿಗುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತ ಕೇಳಿ. ಕೇಳುವ ರೀತಿ ಮಾತ್ರ ಸರಿಯಿರಬೇಕು. ‘ರೋಡ್ ಓಪನ್ ಇದೆಯಾ?’ ಎಂದರೆ ‘ಇದೆಯಪ್ಪ, ಹೋಗಬಹುದು’ ಎಂಬ ಸೌಜನ್ಯದ ಉತ್ತರ ಬರುತ್ತದೆ. ‘ಕೆಳಗಿಂದ ಬಸ್ ಬರ್ತಾ ಇದೆಯಾ?’ ಎಂದು ಕೇಳಿ. ‘ಬೆಳಗಿಂದ ಒಂದೂ ಬಂದಿಲ್ಲ ಮಾರಾಯ್ರೇ’ ಎಂದರೆ ಇನ್ನೊಂದು ಕಾಫಿ ಹೇಳಿ ನಕ್ಷೆ ಬಿಚ್ಚಿ. ಕಾಫಿ ತೋಟದ ನಡುವೆ ಹೋಗುವ ಹತ್ತಿರದ ದಾರಿಯೊಂದನ್ನು ಮೊಬೈಲು ತೋರಿಸಬಹುದು. ಅದು ತೋಟದ ಗೇಟಿಗೋ ಹಳ್ಳಕ್ಕೋ ಹೋಗಿ ಮುಗಿಯುವ ಸಾಧ್ಯತೆಯೇ ಹೆಚ್ಚು, ನಡುವೆ ನೆಟ್‌ವರ್ಕೂ ಇರುವುದಿಲ್ಲ. ಬಸ್ಸು ಓಡಾಡುವ ರಸ್ತೆಯನ್ನೇ ಹಿಡಿಯಿರಿ. ಬೈಕು ಕೆಟ್ಟರೂ ಒಂದು ಗಂಟೆಯೊಳಗೆ ಯಾರಾದರೂ ಬರುತ್ತಾರೆ.

ಈಗ ಎಲ್ಲರಿಗೂ ಪ್ರಿಯವಾದ ವಿಷಯ: ಯಾವ ಬೈಕು? ಘಾಟಿಗೆ ದೊಡ್ಡ ಇಂಜಿನ್ ಬೇಕು ಎಂಬ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ, ಮಲೆನಾಡಿನ ಅರ್ಧ ಜನ ಸ್ಪ್ಲೆಂಡರಿನಲ್ಲೇ ಅಡಿಕೆ ಚೀಲ ಕಟ್ಟಿಕೊಂಡು ಘಾಟಿ ಹತ್ತುತ್ತಾರೆ. ಒಬ್ಬರೇ ಹೋಗುವವರು ಕೇಳಿಕೊಳ್ಳಬೇಕಾದ್ದು ಬೇರೆ: ಬಿದ್ದರೆ ನಾನೊಬ್ಬನೇ ಎತ್ತಬಲ್ಲೆನೇ? ಸ್ಪ್ಲೆಂಡರ್ 112 ಕೆ.ಜಿ., ಕ್ಲಾಸಿಕ್ 350 ಸುಮಾರು 195 ಕೆ.ಜಿ. ಅದರ ಮೇಲೆ ನಿಮ್ಮ ಚೀಲ. ಹೊರಡುವ ಮುನ್ನ ಮನೆಯಂಗಳದಲ್ಲಿ ಮೆತ್ತಗಿನ ನೆಲದ ಮೇಲೆ ಬೈಕು ಮಲಗಿಸಿ, ಗೇರಿನಲ್ಲಿಟ್ಟು, ಬೆನ್ನು ಸೀಟಿಗೆ ಒತ್ತಿ, ಕಾಲಿನ ಬಲದಿಂದ ಎಬ್ಬಿಸಿ ನೋಡಿ. ಆಗದಿದ್ದರೆ ಆ ಬೈಕು ನಿಮ್ಮ ಒಂಟಿ ಸವಾರಿಗಲ್ಲ. ಟ್ಯೂಬ್‌ಲೆಸ್ ಚಕ್ರವಿದ್ದರೆ ಪಂಕ್ಚರನ್ನು ರಸ್ತೆ ಪಕ್ಕದಲ್ಲೇ ನೀವೇ ಮುಚ್ಚಬಹುದು. ಟ್ಯೂಬ್ ಇದ್ದರೆ ಚಕ್ರ ಬಿಚ್ಚಬೇಕು. ಎಬಿಎಸ್ ಇದ್ದರೆ ಒದ್ದೆ ರಸ್ತೆಯಲ್ಲಿ ಒಳ್ಳೆಯದು. ಜಾಕೆಟ್ಟು, ಬೂಟು ಅಂಗಡಿಯವರೇ ವಿವರವಾಗಿ ಹೇಳುತ್ತಾರೆ. ಉಂಬಳಕ್ಕೆ (ಜಿಗಣೆಗೆ) ಸ್ವಲ್ಪ ಉಪ್ಪು ಇಟ್ಟುಕೊಂಡಿರಿ, ಅದನ್ನು ಅವರು ಹೇಳುವುದಿಲ್ಲ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಉದ್ದಕ್ಕೂ ಬ್ರೇಕು ಹಿಡಿದೇ ಇಳಿದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ತಿರುವಿಗೆ ಮೊದಲೇ ಗೇರು ಇಳಿಸಿ, ಎರಡರಲ್ಲೋ ಒಂದರಲ್ಲೋ ಇಂಜಿನ್ನೇ ಬೈಕನ್ನು ತಡೆಯಲು ಬಿಡಿ, ಬ್ರೇಕನ್ನು ಆಗಾಗ ಮುಟ್ಟಿ ಬಿಡಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಅಭ್ಯಾಸವಿದ್ದರೆ ಊರಲ್ಲೇ ಬಿಟ್ಟು ಬನ್ನಿ. ರಸ್ತೆ ಕಿರಿದಾದಲ್ಲಿ ಹತ್ತಿ ಬರುವವರಿಗೆ ಇಳಿಯುವವರು ದಾರಿ ಬಿಡಬೇಕು. ಇದು ಮರ್ಯಾದೆ ಮಾತ್ರವಲ್ಲ, ವಾಹನ ಚಾಲನೆಯ ನಿಯಮ. ಬಸ್ಸು ಹೇರ್‌ಪಿನ್ ತಿರುಗಲು ಇಡೀ ರಸ್ತೆಯನ್ನೇ ತೆಗೆದುಕೊಳ್ಳುತ್ತದೆ. ಅದರ ಹಾರ್ನ್ ಕೇಳಿದರೆ ತಿರುವಿಗಿಂತ ಮೊದಲೇ ಎಡಕ್ಕೆ ನಿಂತುಬಿಡಿ. ತೀರಾ ಅಂಚಿಗೂ ಹೋಗಬೇಡಿ, ಅಲ್ಲಿ ಪಾಚಿ ಇರುತ್ತದೆ. ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ರಾಚುತ್ತದೆ, ಡಿಪ್‌ನಲ್ಲೇ ಹೋಗಿ.

ಹೊತ್ತಿನ ಲೆಕ್ಕಕ್ಕೆ ಬರೋಣ, ಹೊಸಬರ ಯೋಜನೆ ಹೆಚ್ಚಾಗಿ ಕೆಡುವುದೇ ಇಲ್ಲಿ. ಬಯಲಿನ ಹೆದ್ದಾರಿಯಲ್ಲಿ ಗಂಟೆಗೆ 50 ಕಿ.ಮೀ. ಸಾಗುವವರು ಘಾಟಿಯಲ್ಲಿ 30 ಎಂದು ಹಿಡಿಯಿರಿ, ಮಳೆಯಿದ್ದರೆ 20. ದಿನಕ್ಕೆ 150 ಕಿ.ಮೀ. ಸಾಕು. ಮಳೆಗಾಲದಲ್ಲಿ ಪಂಚಾಂಗದ ಸೂರ್ಯಾಸ್ತ ಏಳರ ಹತ್ತಿರವಿದ್ದರೂ ಕಾಡಿನೊಳಗೆ ಐದೂವರೆಗೇ ಕತ್ತಲು. ಹಾಗಾಗಿ ಗೊತ್ತಿಲ್ಲದ ಘಾಟಿಯನ್ನು ಮಧ್ಯಾಹ್ನ ಮೂರರ ನಂತರ ಇಳಿಯಲು ಶುರು ಮಾಡಬೇಡಿ. ಘಾಟಿಯ ತಲೆಯ ಊರಿನಲ್ಲೇ ಉಳಿಯಿರಿ. ಉಳಿಯುವ ಜಾಗಗಳಿಗೆಲ್ಲ ಮೊದಲೇ ಹಣ ಕಟ್ಟಿದರೆ ಆ ಹಣವೇ ನಿಮ್ಮನ್ನು ಕತ್ತಲಲ್ಲಿ ಘಾಟಿ ಇಳಿಸುತ್ತದೆ. ವಾರಾಂತ್ಯದ ಚಿಕ್ಕಮಗಳೂರನ್ನು ಬಿಟ್ಟರೆ ತಾಲ್ಲೂಕು ಊರುಗಳ ಬಸ್‌ಸ್ಟ್ಯಾಂಡ್ ಬಳಿ ಲಾಡ್ಜ್ ಸಿಗುವುದು ಕಷ್ಟವಲ್ಲ. ಶೃಂಗೇರಿ, ಹೊರನಾಡು, ಧರ್ಮಸ್ಥಳದಲ್ಲಿ ಊಟದ ಚಿಂತೆಯೂ ಇಲ್ಲ. ಆದರೆ ಕೆಲವು ಯಾತ್ರಾಸ್ಥಳಗಳ ವಸತಿಗೃಹಗಳಲ್ಲಿ ಒಂಟಿಯಾಗಿ ಬಂದವರಿಗೆ ಕೋಣೆ ಕೊಡುವುದಿಲ್ಲ. ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಗುಂಪಿನಲ್ಲಿ ಹೋದರೆ ಒಬ್ಬರಾದರೂ ‘ಬೇಡ ಕಣೋ’ ಅನ್ನುತ್ತಾರೆ. ಒಂಟಿ ಸವಾರಿಯಲ್ಲಿ ಆ ದನಿ ಇಲ್ಲ. ಕಳಸದಿಂದ ಹೊರನಾಡಿಗೆ ಹೋಗುವಾಗ ಭದ್ರೆಯ ಮೇಲಿನ ಹೆಬ್ಬಾಳೆ ಸೇತುವೆ ಜೋರು ಮಳೆಗೆ ಮುಳುಗುತ್ತದೆ. ನೀರು ಮೊಣಕಾಲಿನಷ್ಟೇ ಕಾಣುತ್ತದೆ, ಆಚೆ ದಡದಲ್ಲಿ ಊರೂ ಕಾಣುತ್ತದೆ. ದಾಟುವ ಆಸೆ ಹುಟ್ಟುವುದು ಅಲ್ಲೇ. ಇಂಥ ಕಡೆಗೆ ಹೊರಡುವ ಮೊದಲೇ ನಿಯಮ ಬರೆದಿಟ್ಟುಕೊಳ್ಳಿ: ಹರಿಯುವ ನೀರು ಸೇತುವೆ ಮೇಲಿದ್ದರೆ ವಾಪಸ್. ಬೇರೆ ದಾರಿಯಿದೆಯೇ ಎಂದು ಕೇಳಿ, ಇಲ್ಲವಾದರೆ ಅಂದು ಕಳಸದಲ್ಲೇ ಉಳಿಯಿರಿ. ದಾರಿ ಬದಲಿಸಿದಾಗಲೆಲ್ಲ ಮನೆಯವರೊಬ್ಬರಿಗೆ ಒಂದು ಸಾಲು ಕಳಿಸಿ: ‘ಶಿರಾಡಿ ಬಂದ್, ಮೂಡಿಗೆರೆ ಮೇಲೆ ಹೋಗುತ್ತಿದ್ದೇನೆ, ರಾತ್ರಿ ಕೊಟ್ಟಿಗೆಹಾರದಿಂದ ಫೋನ್.’ ಘಾಟಿಯ ನಡುವೆ ಫೋನ್ ಹತ್ತುವುದಿಲ್ಲ, ಹಾಗಾಗಿ ಮೆಸೇಜು ಘಾಟಿಗೆ ಮುಂಚಿನ ಊರಿನಿಂದಲೇ ಹೋಗಬೇಕು. ತುರ್ತಿಗೆ 112. ಪೆಟ್ರೋಲನ್ನೂ ಅದೇ ಊರಿನಲ್ಲಿ ತುಂಬಿಸಿ. ಬದಲಿ ದಾರಿ ಯಾವತ್ತೂ ಅಂದುಕೊಂಡದ್ದಕ್ಕಿಂತ ಉದ್ದ, ಬಂಕುಗಳಿರುವುದು ದೊಡ್ಡ ಊರುಗಳಲ್ಲಿ ಮಾತ್ರ.

ಇಷ್ಟೆಲ್ಲ ಓದಿದ ಮೇಲೂ ‘ಮಳೆಯಲ್ಲೇ ಆಗುಂಬೆ ನೋಡಬೇಕು’ ಅನ್ನಿಸಿದರೆ ತಪ್ಪೇನಿಲ್ಲ, ಆಗುಂಬೆ ಇರುವುದೇ ಹಾಗೆ. ಆದರೆ ಮೊದಲ ಒಂಟಿ ಸವಾರಿಗೆ ನವೆಂಬರ್ ಮಧ್ಯದಿಂದ ಫೆಬ್ರುವರಿಯೊಳಗಿನ ದಿನಗಳನ್ನು ಆರಿಸಿಕೊಳ್ಳಿ. ಘಾಟಿಗಳನ್ನು ಬೆಳಕಿನಲ್ಲಿ ಒಮ್ಮೆ ಹತ್ತಿ ಇಳಿದು, ಯಾವ ಊರಿನಿಂದ ಯಾವ ಊರಿಗೆ ದಾರಿಯಿದೆ ಎಂಬುದು ನಕ್ಷೆ ನೋಡದೆಯೇ ಹೇಳುವಂತಾಗಲಿ. ಮಳೆಗಾಲವನ್ನು ಅದರ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.