ಹಲಸೂರಿನಿಂದ ಎಳೆಚಂದ್ರ

1. ಮೊದಲು ಪಂಚಾಂಗ ತೆಗೆಯಿರಿ. ಅಮಾವಾಸ್ಯೆ ಮುಗಿದ ಗಳಿಗೆಯಿಂದ ಸೂರ್ಯ ಮುಳುಗುವ ತನಕ ಎಷ್ಟು ಗಂಟೆ ಎಂದು ಲೆಕ್ಕ ಹಾಕಿ. 15ರೊಳಗಿದ್ದರೆ ತಾರಸಿ ಹತ್ತುವ ಶ್ರಮವೇ ಬೇಡ. 18–20 ಆದರೆ ಬೈನಾಕ್ಯುಲರ್ ಜೊತೆ ಅದೃಷ್ಟವೂ ಬೇಕು. 24 ದಾಟಿತೋ, ಮೋಡ ಕೈಕೊಡದಿದ್ದರೆ ಮಕ್ಕಳೇ ತೋರಿಸುತ್ತಾರೆ. 2025ರ ಯುಗಾದಿ ಸಂಜೆ ಚಂದ್ರನಿಗೆ 26 ಗಂಟೆ. ಮಾರನೇ ದಿನ ಮಾರ್ಚ್ 31ಕ್ಕೆ ಕರಾವಳಿಗೂ ಬೆಂಗಳೂರಿಗೂ ಒಟ್ಟಿಗೇ ರಂಜಾನ್ ಹಬ್ಬ. 2024ರ ಯುಗಾದಿ, ಏಪ್ರಿಲ್ 9ರಂದು, ಬರೀ ಹದಿನೆಂಟೂವರೆ. ಕೇರಳದಲ್ಲಿ ಚಂದ್ರ ಕಂಡ, ದಕ್ಷಿಣ ಕನ್ನಡ, ಉಡುಪಿಯವರು 10ಕ್ಕೆ ಹಬ್ಬ ಮಾಡಿದರು, ಬೆಂಗಳೂರು 11ಕ್ಕೆ. ಯುಗಾದಿಯ ಮರುದಿನ, ಹೊಸತೊಡಕಿನ ಸಂಜೆ ಚಂದ್ರನನ್ನು ನೋಡಿ ಹಿರಿಯರಿಗೆ ನಮಸ್ಕರಿಸುವ ಮನೆಗಳವರಿಗೆ ಈ ತಾಪತ್ರಯವಿಲ್ಲ, ಅಷ್ಟೊತ್ತಿಗೆ ಚಂದ್ರ ಬಲಿತಿರುತ್ತಾನೆ.

2. ಮಂಗಳೂರಲ್ಲಿ ಸೂರ್ಯ ಮುಳುಗುವುದು ನಮಗಿಂತ ಹತ್ತು-ಹನ್ನೊಂದು ನಿಮಿಷ ತಡ. ಅದರಿಂದ ದೊಡ್ಡ ಲಾಭವೇನಿಲ್ಲ. ಲಾಭ ಸಮುದ್ರದ್ದು: ಪಶ್ಚಿಮಕ್ಕೆ ಅಡ್ಡ ಯಾವುದೂ ಇಲ್ಲ. ಇಂದಿರಾನಗರದವರ ಪಶ್ಚಿಮ ಎಂದರೆ ಇಡೀ ಊರು, ಅದರ ಧೂಳು, ಎಂ.ಜಿ. ರಸ್ತೆಯ ಕಟ್ಟಡಗಳು. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಅದರ ಅಗಲ ಸುಮಾರು 10 ಡಿಗ್ರಿ. ಕಟ್ಟಡಗಳು ಅರ್ಧ ಮುಷ್ಟಿಗಿಂತ ಎತ್ತರ ಕಂಡರೆ ಜಾಗ ಬದಲಿಸಿ. ಮಳೆ ಸುರಿದು ಧೂಳು ಕೂತ ಮರುದಿನದ ಸಂಜೆಗಳು ಚಿನ್ನ.

3. ಶಿವಾಜಿನಗರದ ಗಲ್ಲಿಗಳಲ್ಲಿ ನೆಲದ ಮೇಲೆ ನಿಂತು ಹುಡುಕಿದರೆ ಕತ್ತು ನೋವಷ್ಟೇ. ರಸೆಲ್ ಮಾರ್ಕೆಟ್ ಸುತ್ತಮುತ್ತಲಿನವರು ತಾರಸಿಗೇ ಹೋಗಬೇಕು. ಹಲಸೂರು ಕೆರೆಯಲ್ಲಾದರೆ ನೀರು ನಿಮ್ಮ ಪಶ್ಚಿಮಕ್ಕೆ ಬರುವಂತೆ ನಿಲ್ಲಿ. ಕೆ.ಆರ್. ಪುರದವರಿಗೆ ವೆಂಗಯ್ಯನಕೆರೆ ಇದೆ. ಅಲ್ಲಿನ ತೂಗುಸೇತುವೆ ಮೇಲೆ ಗಾಡಿ ನಿಲ್ಲಿಸುವ ಉಸಾಬರಿ ಬೇಡ.

4. ಸೂರ್ಯ ಮುಳುಗಿದ ಕೂಡಲೇ ಸಿಗುವುದಿಲ್ಲ. 20–25 ನಿಮಿಷ ಕಾಯಿರಿ. ಬೆಳಕು ಇಳಿದಿರುತ್ತದೆ, ಚಂದ್ರ ಇನ್ನೂ ಉಳಿದಿರುತ್ತಾನೆ. ಸೂರ್ಯ ಪೂರ್ತಿ ಮರೆಯಾಗುವ ಮುಂಚೆ ಬೈನಾಕ್ಯುಲರ್ ಎತ್ತಲೇಬೇಡಿ, ಕಣ್ಣು ಹೋದೀತು.

5. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸೂರ್ಯ ಮುಳುಗಿದ ಜಾಗದ ಹೆಚ್ಚುಕಡಿಮೆ ನೇರ ಮೇಲಕ್ಕೆ ನೋಡಿ, ದೋಣಿಯಂತೆ ಮಲಗಿರುತ್ತಾನೆ. ಸೆಪ್ಟೆಂಬರ್ ಹೊತ್ತಿಗೆ ಎಡಕ್ಕೆ, ತಗ್ಗಿನಲ್ಲಿ, ವಾಲಿಕೊಂಡು, ಬೇಗ ಮುಳುಗುತ್ತಾನೆ. ನೋಡಬಾರದೆನ್ನುವ ಚೌತಿಯ ಚಂದ್ರನೂ ಇದೇ ಕಾಲದವನು!

6. ಕೊಂಬುಗಳು ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿರುತ್ತವೆ. ಸೂರ್ಯನ ಕಡೆಗೇ ಬಾಗಿದ್ದವು ಎಂದು ಯಾರಾದರೂ ಹೇಳಿದರೆ ಅವರು ಕಂಡದ್ದು ಬಹುಶಃ ವಿಮಾನದ ಹೊಗೆಗೆರೆ. ರಂಜಾನ್ ಹಬ್ಬದ ದಿನ ಗೊತ್ತುಮಾಡುವುದು ಹಿಲಾಲ್ ಕಮಿಟಿ. ಅವರಿಗೆ ಫೋನ್ ಮಾಡುವ ಮುಂಚೆ ಗಂಟೆ, ದಿಕ್ಕು, ಕೊಂಬಿನ ವಾಲು ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿದ್ದವರು ಕೇಳದೆಯೇ ತಾವಾಗಿ ಕಂಡರೋ ಇಲ್ಲವೋ, ಅದನ್ನೂ.