ಕಾಡಿನಲ್ಲಿ ಕಿವಿ, ಕೆರೆಯಲ್ಲಿ ಕಣ್ಣು

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಹಾದಿಯಲ್ಲಿ ಕಾನಸೂರು ಇದೆ. ಅದರ ಸುತ್ತ ಸೊಪ್ಪಿನ ಬೆಟ್ಟ, ಅಡಕೆ ತೋಟ, ಗದ್ದೆ, ಕೆರೆಗಳು ಒಂದಕ್ಕೊಂದು ತಾಗಿಕೊಂಡಿವೆ. ಇಲ್ಲಿ ಮುಂಜಾನೆ ಹಕ್ಕಿ ನೋಡಲು ಹೊರಟರೆ ನಾವು ಒಂದು ವ್ಯತ್ಯಾಸವನ್ನು ಕಾಣುತ್ತೇವೆ. ಕೆರೆಯ ದಡದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಬೆಟ್ಟದೊಳಗೆ ಹತ್ತು ಹಕ್ಕಿಗಳ ಧ್ವನಿ ಕೇಳಿದರೂ ಒಂದೂ ಕಾಣದು. ಇದಕ್ಕೆ ಕಾರಣವೇನು?

ಬೆಳಕಿನ ಅಲೆಯುದ್ದ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಮೆ. ಒಂದು ಎಲೆ ಅಡ್ಡ ಬಂದರೂ ಹಕ್ಕಿ ನಮಗೆ ಮರೆಯಾಗುತ್ತದೆ. ಶಬ್ದದ ಅಲೆಗಳು ಹಾಗಲ್ಲ. ಗಾಳಿಯಲ್ಲಿ ಅವುಗಳ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಈ ವೇಗವನ್ನು ಕಂಪನ ಸಂಖ್ಯೆಯಿಂದ ಭಾಗಿಸಿದರೆ ಅಲೆಯುದ್ದ ದೊರೆಯುತ್ತದೆ. ಸೆಕೆಂಡಿಗೆ 400 ಕಂಪನಗಳ ತಗ್ಗು ಸ್ವರದ ಅಲೆಯುದ್ದ 85 ಸೆಂಟಿಮೀಟರು. 5,000 ಕಂಪನಗಳ ಕೀಚುಸ್ವರದ್ದು 7 ಸೆಂಟಿಮೀಟರಿಗೂ ಕಡಮೆ. ಮೊದಲನೆಯದು ಎಲೆ ಕೊಂಬೆಗಳನ್ನು ಬಳಸಿ ಮುಂದೆ ಸಾಗುತ್ತದೆ. ಎರಡನೆಯದರ ಅಲೆಯುದ್ದ ಎಲೆಯ ಗಾತ್ರಕ್ಕೆ ಹತ್ತಿರವಾದುದರಿಂದ ಅದು ಚದುರಿಹೋಗುತ್ತದೆ. ಕೆಂಬೂತದ ಗಂಭೀರ ‘ಊಪ್, ಊಪ್’ ದೂರದವರೆಗೆ ಕೇಳಿಸುವುದಕ್ಕೂ ಸೂರಕ್ಕಿಯ ಸಣ್ಣ ದನಿ ಸಮೀಪದಲ್ಲೇ ಅಳಿಯುವುದಕ್ಕೂ ಇದೊಂದು ಕಾರಣ.

ದುರ್ಬೀನನ್ನು ಆರಿಸುವಲ್ಲಿಯೂ ಲೆಕ್ಕವುಂಟು. 8×30 ಎಂಬಲ್ಲಿ 8 ವರ್ಧನೆ. 30 ಎದುರುಗಾಜಿನ ವ್ಯಾಸ, ಮಿಲಿಮೀಟರುಗಳಲ್ಲಿ. 30ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ವ್ಯಾಸ 3.75 ಮಿಲಿಮೀಟರು. ಬಯಲಿನ ಬೆಳಕಿನಲ್ಲಿ ಪಾಪೆ ಕಿರಿದಾಗುವುದರಿಂದ ಇಷ್ಟು ಸಾಕು. ಕಾಡಿನ ಮಬ್ಬಿನಲ್ಲಿ ಪಾಪೆ ಹಿಗ್ಗುತ್ತದೆ. ಅಲ್ಲಿ 5 ಮಿಲಿಮೀಟರು ಕೊಡುವ 8×40 ಲೇಸು.

ಈ ಅರಿವಿನಿಂದ ಹಕ್ಕಿಗಳಿಗೂ ಹಿತವಿದೆ. ಶಿರಸಿ ತಾಲ್ಲೂಕಿನ ಸೋಂದೆಯ ಬಳಿಯ ಮುಂಡಿಗೆಕೆರೆಯಲ್ಲಿ ಮಳೆಗಾಲ ಬಂದೊಡನೆ ಬೆಳ್ಳಕ್ಕಿಗಳು ಮುಂಡಿಗೆಯ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ನಾವು ತೀರ ಹತ್ತಿರ ಹೋದರೆ ತಾಯಿಹಕ್ಕಿ ಗೂಡು ಬಿಟ್ಟು ಏಳುತ್ತದೆ. ಆಗ ಮೊಟ್ಟೆ ಮರಿಗಳು ಮಳೆಗೂ ಕಾಗೆಗೂ ಒಡ್ಡಿಕೊಳ್ಳುತ್ತವೆ. ನಮ್ಮ ಐದು ನಿಮಿಷದ ಕುತೂಹಲಕ್ಕೆ ಒಂದು ಸಂಸಾರವೇ ಬಲಿಯಾಗಬಹುದು. ಆದುದರಿಂದ ಕೆರೆಯಲ್ಲಿ ದುರ್ಬೀನನ್ನು ನಂಬಿ ದೂರ ನಿಲ್ಲಬೇಕು; ಕಾಡಿನಲ್ಲಿ ಕಿವಿಯನ್ನು ನಂಬಿ ದಾರಿ ಬಿಡದೆ ನಡೆಯಬೇಕು.

ವಿದ್ಯಾರ್ಥಿಗಳು ಒಂದು ಅಭ್ಯಾಸ ಮಾಡಬಹುದು. ಮರಗಳ ನಡುವೆ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು, ಬೇರೆ ಬೇರೆ ಸ್ವರಗಳೆಷ್ಟು, ಅವು ಯಾವ ದಿಕ್ಕಿನವು, ತಗ್ಗಿನವೋ ಕೀಚಿನವೋ ಎಂದು ಗಮನಿಸಿ, ಬಳಿಕ ಬರೆದಿಡಲಿ. ಹಕ್ಕಿಯ ಹೆಸರು ಆಮೇಲೆ ತಿಳಿದರೂ ಸಾಕು.