ಪ್ರಿಂಟರ್ ಇಲ್ಲಿ, ಅಪ್ಪಣೆ ಎಲ್ಲಿಂದ?

ಪ್ರಶ್ನೆ: ಪಕ್ಕದ ಮನೆಯ ಟಿಬೆಟನ್ ಅಜ್ಜಿಯನ್ನು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ರಕ್ತದ ಟ್ಯೂಬಿಗೆ ಅಂಟಿಸುವ ಲೇಬಲ್ ಪ್ರಿಂಟ್ ಆಗಲೇ ಇಲ್ಲ. ಪ್ರಿಂಟರ್ ಟೇಬಲ್ ಮೇಲೇ ಇತ್ತು, ವೈರ್ ಇತ್ತು, ಹಸಿರು ಲೈಟೂ ಉರಿಯುತ್ತಿತ್ತು. ಕೇಳಿದರೆ ‘ಸರ್ವರ್ ಪ್ರಾಬ್ಲೆಂ’ ಅಂದರು. ಕೊನೆಗೆ ನೋಡಿದರೆ ಆ ಲೇಬಲ್ ಒಳಗಿನ ಕೋಣೆಯ ಬೇರೊಂದು ಪ್ರಿಂಟರಿನಲ್ಲಿ, ಎ4 ಹಾಳೆಯ ಮೂಲೆಯಲ್ಲಿ ಬಂದು ಬಿದ್ದಿತ್ತು! ಕಣ್ಣೆದುರಿನ ಪ್ರಿಂಟರಿಗೂ ಎಲ್ಲೋ ಇರುವ ಸರ್ವರಿಗೂ ಏನು ಸಂಬಂಧ?
— ಓದುಗರೊಬ್ಬರು, ಟಿಬೆಟನ್ ಕಾಲೊನಿ, ಮುಂಡಗೋಡ

ಉತ್ತರ: ಕೌಂಟರಿನವರು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಇಂಥ ಕಡೆ ಸರ್ವರ್ ಕೆಟ್ಟಿರುವುದು ಕಡಿಮೆ. ಯಾವ ಪ್ರಿಂಟರಿಗೆ ಕಳಿಸಬೇಕು ಎಂಬುದು ಅದಕ್ಕೆ ತಪ್ಪಾಗಿ ತಿಳಿದಿರುತ್ತದೆ, ಅಷ್ಟೆ.

ಅನೇಕ ಆಸ್ಪತ್ರೆಗಳಲ್ಲಿ ರೋಗಿಗಳ ದಾಖಲೆಯ ಸಾಫ್ಟ್‌ವೇರ್ ಕೌಂಟರಿನ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಅದು ಸರ್ವರಿನಲ್ಲಿ ಓಡುತ್ತಿರುತ್ತದೆ. ಕೌಂಟರಿನವರು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರೊಳಗೆ ಲಾಗಿನ್ ಆಗಿ ಕೆಲಸ ಮಾಡುತ್ತಾರೆ. ಹೀಗೆ ಒಳಗೆ ಹೋದ ಪ್ರತಿಯೊಬ್ಬರದ್ದೂ ಒಂದೊಂದು ಸೆಷನ್. ಅಜ್ಜಿಯ ಹೆಸರನ್ನು ಟೈಪ್ ಮಾಡಿದ ಕೀಬೋರ್ಡ್ ನಿಮ್ಮೆದುರಿಗಿತ್ತು, ಆದರೆ ‘ಪ್ರಿಂಟ್’ ಎಂಬ ಅಪ್ಪಣೆ ಹುಟ್ಟಿದ್ದು ಸರ್ವರಿನಲ್ಲಿ. ಮೇಜಿನ ಮೇಲೆ ಯುಎಸ್‌ಬಿ ವೈರಿನಲ್ಲಿ ಕೂತಿರುವ ಪ್ರಿಂಟರನ್ನು ಸರ್ವರ್ ನೇರವಾಗಿ ಕಾಣಲಾರದು. ಹಾಗಾಗಿ ಲಾಗಿನ್ ಆಗುವಾಗ ಕೌಂಟರಿನ ಕಂಪ್ಯೂಟರ್ ತನ್ನ ಬಳಿಯಿರುವ ಪ್ರಿಂಟರುಗಳ ಪಟ್ಟಿಯನ್ನು ಸರ್ವರಿಗೆ ಒಪ್ಪಿಸುತ್ತದೆ. ಸರ್ವರ್ ಒಂದೊಂದಕ್ಕೂ ಒಂದು ನಕಲಿ ಪ್ರಿಂಟರ್ ಸೃಷ್ಟಿಸಿ, ಹೆಸರಿನ ಬಾಲಕ್ಕೆ ‘ರಿಡೈರೆಕ್ಟೆಡ್ 7’ ಎಂದೇನೋ ಸೇರಿಸುತ್ತದೆ. ಆ 7 ಸೆಷನ್ನಿನ ಸಂಖ್ಯೆ.

ಎಡವಟ್ಟೆಲ್ಲ ಈ ಬಾಲದಲ್ಲೇ. ಸಂಜೆ ಲಾಗೌಟ್ ಆಗಿ ಬೆಳಗ್ಗೆ ಮತ್ತೆ ಬಂದರೆ 7 ಹೋಗಿ 12 ಆಗಿರಬಹುದು. ಸಾಫ್ಟ್‌ವೇರ್ ಹಳೆಯ ಹೆಸರನ್ನೇ ನೆನಪಿಟ್ಟುಕೊಂಡಿದ್ದರೆ ಇಲ್ಲದ ಪ್ರಿಂಟರನ್ನು ಹುಡುಕುತ್ತದೆ. ಸಿಗದಿದ್ದಾಗ ಕೆಲವು ಸಾಫ್ಟ್‌ವೇರುಗಳು ಸುಮ್ಮನಾಗುತ್ತವೆ, ಕೆಲವು ಡೀಫಾಲ್ಟ್ ಪ್ರಿಂಟರಿಗೆ ತಳ್ಳುತ್ತವೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ, ಅಥವಾ ಸಿಬ್ಬಂದಿ ಎದ್ದು ಪಕ್ಕದ ಕೌಂಟರಿನಿಂದ ತಮ್ಮ ಹಳೆಯ ಸೆಷನ್ನಿಗೇ ಮರಳಿದಾಗ ಇನ್ನೊಂದು ಫಜೀತಿ: ಪ್ರಿಂಟರುಗಳ ಪಟ್ಟಿ ಹೊಸದು, ತೆರೆದಿರುವ ಸಾಫ್ಟ್‌ವೇರಿನ ತಲೆಯಲ್ಲಿರುವುದು ಹಳೆಯದು. ಸಾಫ್ಟ್‌ವೇರನ್ನು ಮುಚ್ಚಿ ತೆರೆದರೆ ಸಾಕು. ಯಾರೂ ತೆರೆಯುವುದಿಲ್ಲ, ಪ್ರಿಂಟರಿನ ಬೆನ್ನಿಗೆ ಒಂದೇಟು ಕೊಡುತ್ತಾರೆ.

ಇನ್ನು ನಿಮ್ಮ ಲೇಬಲ್ ಒಳಗಿನ ಕೋಣೆಗೆ ಓಡಿಹೋದ ಕಥೆ. ವಿಂಡೋಸ್ 10ರಲ್ಲಿ 2015ರಿಂದೀಚೆಗೆ ಒಂದು ‘ಸೌಲಭ್ಯ’ ಇದೆ. ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನಿಭಾಯಿಸುತ್ತದಂತೆ. ಅಂದರೆ ಕೊನೆಯ ಸಲ ಯಾವುದರಲ್ಲಿ ಪ್ರಿಂಟ್ ತೆಗೆದಿರೋ ಅದೇ ಡೀಫಾಲ್ಟ್. ಮನೆಗೆ ಸರಿ, ಆಸ್ಪತ್ರೆಯ ಕೌಂಟರಿಗೆ ಶುದ್ಧ ತಲೆನೋವು. ಯಾರೋ ಆ ಕಂಪ್ಯೂಟರಿನಿಂದ ಒಂದು ರಜಾ ಅರ್ಜಿಯನ್ನು ಒಳಕೋಣೆಯ ಲೇಸರ್ ಪ್ರಿಂಟರಿಗೆ ಕಳಿಸಿರುತ್ತಾರೆ. ಮುಂದಿನ ಲಾಗಿನ್ನಿನಲ್ಲಿ ಸರ್ವರಿನ ಸೆಷನ್ನಿಗೂ ಅದೇ ಡೀಫಾಲ್ಟ್ ಆಗಿ ಹೋಗುತ್ತದೆ, ಲೇಬಲ್ ಅಲ್ಲಿಗೆ ಹೋಗಿ ಬೀಳುತ್ತದೆ. ನಿಮಗಾಗಿದ್ದು ಬಹುಶಃ ಇದೇ. ಕೌಂಟರಿನ ಕಂಪ್ಯೂಟರಿನ ಸೆಟ್ಟಿಂಗ್ಸಿನಲ್ಲಿ ಆ ಆಯ್ಕೆಯ ಟಿಕ್ ತೆಗೆದು, ಲೇಬಲ್ ಪ್ರಿಂಟರನ್ನು ಕೈಯಾರೆ ಡೀಫಾಲ್ಟ್ ಮಾಡಿ, ಪೂರ್ತಿ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಬೇಕು. ಕಿಟಕಿಯ ಮೂಲೆಯ ಗುಣಿಸು ಗುರುತು ಒತ್ತಿದರೆ ಲಾಗೌಟ್ ಆಗುವುದಿಲ್ಲ, ಸೆಷನ್ ಹಾಗೇ ಉಳಿದಿರುತ್ತದೆ. ಪ್ರಿಂಟರ್ ಪಟ್ಟಿಯಲ್ಲೇ ಕಾಣದಿದ್ದರೆ ರಿಮೋಟ್ ಡೆಸ್ಕ್‌ಟಾಪ್ ತೆರೆಯುವಾಗ ‘ಲೋಕಲ್ ರಿಸೋರ್ಸಸ್’ ಪುಟದಲ್ಲಿ ಪ್ರಿಂಟರ್ಸ್ ಎಂಬಲ್ಲಿ ಟಿಕ್ ಇದೆಯೇ ನೋಡಬೇಕು.

ಲೇಬಲ್ ಪ್ರಿಂಟರುಗಳದ್ದು ಬೇರೆಯದೇ ರಗಳೆ. ವಿಂಡೋಸ್ ಸರ್ವರ್ 2008ರೊಂದಿಗೆ ಮೈಕ್ರೋಸಾಫ್ಟ್ ‘ಈಸಿ ಪ್ರಿಂಟ್’ ಎಂಬ ಸಾಮಾನ್ಯ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ತಂದಿತು. ಅಲ್ಲಿಯವರೆಗೆ ಪ್ರತಿ ಪ್ರಿಂಟರಿನ ಡ್ರೈವರನ್ನೂ ಸರ್ವರಿನಲ್ಲಿ ಹಾಕಬೇಕಿತ್ತು. ಈಗ ಸರ್ವರ್ ಪುಟವನ್ನು ಒಂದೇ ಮಾದರಿಯಲ್ಲಿ ಕಳಿಸುತ್ತದೆ, ಅದನ್ನು ನಿಜವಾದ ಪ್ರಿಂಟರಿಗೆ ಹೊಂದಿಸುವ ಕೆಲಸ ಕೌಂಟರಿನ ಕಂಪ್ಯೂಟರಿನದ್ದು. ಎ4 ವರದಿಗೆ, ಬಿಲ್ಲಿಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಬಾರ್‌ಕೋಡ್ ಪ್ರಿಂಟರಿಗೆ ಕೆಲವು ಸಾಫ್ಟ್‌ವೇರುಗಳು ಪುಟದ ಬದಲು ಆ ಯಂತ್ರದ್ದೇ ಭಾಷೆಯ ಆಜ್ಞೆಗಳನ್ನು ನೇರವಾಗಿ ಕಳಿಸುತ್ತವೆ. ಅದು ಈಸಿ ಪ್ರಿಂಟಿಗೆ ಅರ್ಥವಾಗುವುದಿಲ್ಲ. ಆಗ ಆ ಪ್ರಿಂಟರಿನ ಸ್ವಂತ ಡ್ರೈವರನ್ನೇ ಸರ್ವರಿನಲ್ಲಿ ಹಾಕಿ, ‘ಮೊದಲು ಈಸಿ ಪ್ರಿಂಟ್’ ಎಂಬ ಪಾಲಿಸಿಯನ್ನು ನಿಲ್ಲಿಸಬೇಕು. ಎರಡೂ ಕಡೆ ಡ್ರೈವರಿನ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಹೊಂದದಿದ್ದರೆ ಸರ್ವರಿನ ಈವೆಂಟ್ ಲಾಗಿನಲ್ಲಿ 1111 ಸಂಖ್ಯೆಯ ದೂರು ದಾಖಲಾಗಿರುತ್ತದೆ. ಐಟಿಯವರು ಮೊದಲು ನೋಡಬೇಕಾದ ಜಾಗ ಅದು. ಅಂದಹಾಗೆ, ಈ ಕೆಲಸ ಕೌಂಟರಿನವರ ಕೈಲಿ ಆಗುವುದಿಲ್ಲ. 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಭದ್ರತಾ ಲೋಪ ಬಯಲಾದ ಮೇಲೆ ಸರ್ವರಿನಿಂದ ಪ್ರಿಂಟರ್ ಡ್ರೈವರ್ ಇಳಿಸಿಕೊಳ್ಳುವುದಕ್ಕೂ ಮೈಕ್ರೋಸಾಫ್ಟ್ ಅಡ್ಮಿನ್ ಅಧಿಕಾರ ಕಡ್ಡಾಯ ಮಾಡಿತು.

ಅಳತೆಯದ್ದೂ ಒಂದು ಮಾತು. ಲೇಬಲ್ 50×25 ಮಿಲಿಮೀಟರ್ ಆಗಿದ್ದು ಸೆಷನ್ನಿನಲ್ಲಿ ಕಾಗದ ಎ4 ಎಂದಿದ್ದರೆ, ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ಬಾರ್‌ಕೋಡನ್ನು ಕುಗ್ಗಿಸಿಬಿಡುತ್ತದೆ. ಕಣ್ಣಿಗೆ ಗೆರೆಗಳು ಸರಿಯಾಗೇ ಕಾಣುತ್ತವೆ, ಲ್ಯಾಬಿನ ಸ್ಕ್ಯಾನರ್ ಮಾತ್ರ ಓದುವುದಿಲ್ಲ. ಅಲ್ಲಿಗೆ ಪೆನ್ನು ಹೊರಬರುತ್ತದೆ, ಟ್ಯೂಬಿನ ಮೇಲೆ ಕೈಬರಹದಲ್ಲಿ ಬರೀ ಹೆಸರು ಬೀಳುತ್ತದೆ.

ನಿಮ್ಮ ಊರಿನವರ ಮಟ್ಟಿಗೆ ಇದು ಎಷ್ಟು ಅಪಾಯ ಎಂದು ನಾನು ಹೇಳಬೇಕಾಗಿಲ್ಲ. 1966ರಲ್ಲಿ ಶುರುವಾದ ನಿಮ್ಮ ಕಾಲೊನಿಯ ಯಾವ ಕ್ಯಾಂಪಿನಲ್ಲಿ ನಿಂತು ‘ತೆಂಜಿನ್’ ಎಂದು ಕೂಗಿದರೂ ಎಷ್ಟೋ ಜನ ತಿರುಗಿ ನೋಡುತ್ತಾರೆ, ಗಂಡಸರೂ ಹೆಂಗಸರೂ. ದಲೈ ಲಾಮಾ ಅವರ ಹೆಸರು ತೆಂಜಿನ್ ಗ್ಯಾತ್ಸೊ. ಅವರು ಹೆಸರಿಟ್ಟ ಮಕ್ಕಳಿಗೆ ಮೊದಲ ಹೆಸರು ತೆಂಜಿನ್ ಎಂದೇ ಬರುತ್ತದೆ. ದ್ರೆಪುಂಗ್, ಗಾದೆನ್ ಮಠಗಳ ಕಡೆ ಹೋದರೆ ಲೋಬ್ಸಾಂಗ್‌ಗಳೂ ಧಾರಾಳ. ನಮ್ಮಲ್ಲಿರುವ ಹಾಗೆ ಅಪ್ಪನ ಹೆಸರು, ಊರಿನ ಹೆಸರು, ಅಡ್ಡಹೆಸರು ಸಾಮಾನ್ಯವಾಗಿ ಜೊತೆಗಿರುವುದಿಲ್ಲ. ‘ತೆಂಜಿನ್ ದೋಲ್ಮಾ’ ಎಂದಷ್ಟೇ ಬರೆದ ಎರಡು ಟ್ಯೂಬುಗಳು ಒಂದೇ ಟ್ರೇಯಲ್ಲಿ ಕೂತರೆ ಯಾರ ಸಕ್ಕರೆ ಯಾರ ಲೆಕ್ಕಕ್ಕೆ ಬರೆದರೋ ಹೇಳುವಂತಿಲ್ಲ. ಒಳಕೋಣೆಯ ಪ್ರಿಂಟರಿಗೆ ದಾರಿ ತಪ್ಪಿ ಹೋದ ವರದಿಯೂ ಅಷ್ಟೇ ಕೆಟ್ಟದ್ದು. ಯಾರ ಕಾಯಿಲೆಯನ್ನು ಯಾರು ಬೇಕಾದರೂ ಓದಬಹುದು.

ಸೆಟ್ಟಿಂಗ್ ಸರಿಪಡಿಸುವುದು ನಿಮ್ಮ ಕೈಲಿಲ್ಲ, ನಿಜ. ಆದರೆ ಮುಂದಿನ ಸಲ ಅಜ್ಜಿಯ ಜೊತೆ ಹೋದಾಗ ಟ್ಯೂಬಿನ ಮೇಲೆ ಅವರ ಆಸ್ಪತ್ರೆ ನಂಬರ್ ಇದೆಯೇ, ಅದು ನಿಮ್ಮ ಕೈಲಿರುವ ಚೀಟಿಯ ನಂಬರಿಗೆ ಹೊಂದುತ್ತದೆಯೇ ಎಂದು ಸೂಜಿ ಚುಚ್ಚಿದವರ ಎದುರೇ ನೋಡಿ. ಕೈಯಲ್ಲಿ ಬರೆಯುವುದೇ ಆದರೆ ಹೆಸರಿನ ಜೊತೆ ಆ ನಂಬರನ್ನೂ ಬರೆಯಲು ಹೇಳಿ. ‘ಸರ್ವರ್ ಪ್ರಾಬ್ಲೆಂ’ ಅಂದರೆ, ಡೀಫಾಲ್ಟ್ ಪ್ರಿಂಟರ್ ಯಾವುದಿದೆ ಸ್ವಲ್ಪ ನೋಡ್ತೀರಾ ಅಂತ ಮೆಲ್ಲಗೆ ಕೇಳಿ.